ಎರಡು ಸೀದಾ, ಒಂದು ಉಲ್ಟಾ

ಆ ಊರಿನಲ್ಲಿ ನನ್ನನ್ನು ಇವತ್ತಿಗೂ ಉಲ್ಟಾ ಓಬಳೇಶ ಅಂತಲೇ ಕರೆಯುವುದು. ಆ ಹೆಸರು ಬಂದದ್ದು ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನ, ಬೆಳಿಗ್ಗೆ ಹತ್ತೂವರೆಗೆ. ಅದಕ್ಕೆ ಮುಂಚೆ ನಾನು ಹದಿನಾಲ್ಕು ವರ್ಷ ಲಾರಿ ಓಡಿಸಿದ್ದೆ. ಘಾಟಿ ರಸ್ತೆಯಲ್ಲಿ ಎದುರಿಗೆ ಬಂದವನಿಗೆ ದಾರಿ ಬಿಡಲು ತುಂಬಿದ ಲಾರಿಯನ್ನು ಅರ್ಧ ಮೈಲಿ ಹಿಂದಕ್ಕೆ ತೆಗೆದುಕೊಂಡು ಹೋದವನು ನಾನು. ಸ್ಟೇರಿಂಗ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಅನ್ನುವ ಧಿಮಾಕು ಇತ್ತು. ಆ ಧಿಮಾಕನ್ನು ಇಳಿಸಿದ್ದು ಹೆಡ್‌ಮಾಸ್ತರ ಒಂದು ಮಫ್ಲರ್.

ಊರಿನ ರೀತಿ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ. ಅಲ್ಲಿ ಕೂತಲ್ಲೇ ಕೂತು ಹೆಣೆದದ್ದು ನಿಲ್ಲುವುದಿಲ್ಲ. ಜಗಲಿಯ ಮೇಲೆ ಕೂತು ಇಡೀ ದಿನ ಸ್ವೆಟರ್ ಹೆಣೆದರೆ ಮಾರನೇ ಬೆಳಿಗ್ಗೆ ಬುಟ್ಟಿಯಲ್ಲಿ ಬರೀ ನೂಲು ಇರುತ್ತದೆ. ಗಾಲಿ ಉರುಳುತ್ತಿರುವಾಗ ಹೆಣೆದರೆ ಮಾತ್ರ ಗಟ್ಟಿ, ಮೊಮ್ಮಕ್ಕಳ ಕಾಲಕ್ಕೂ ಒಂದೆಳೆ ಸಡಿಲವಾಗುವುದಿಲ್ಲ, ಕೈಯಿಂದ ಎಳೆದರೂ ಬಿಚ್ಚುವುದಿಲ್ಲ. ಆದರೆ ಬಂಡಿ ಹಿಂದಕ್ಕೆ ಹೋಯಿತೋ, ಮಡಿಲಲ್ಲಿ ಕಡ್ಡಿಯ ಮೇಲಿರುವ ಹೆಣಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಾಲಿ ಇಲ್ಲದಿದ್ದರೇನು, ಓಡಾಡಿದರೆ ಸಾಕಲ್ಲ ಅಂತ ಉಯ್ಯಾಲೆಯ ಮೇಲೆ ಕೂತು ಹೆಣೆಯಲು ನೋಡಿದವರೂ ಇದ್ದಾರೆ. ಮುಂದಕ್ಕೆ ಜೀಕಿದಾಗ ಹೆಣೆದದ್ದು ಹಿಂದಕ್ಕೆ ಬಂದಾಗ ಬಿಚ್ಚಿ, ಸಂಜೆಯ ಹೊತ್ತಿಗೆ ಅವರಿಗೆ ಉಳಿದದ್ದು ತಲೆಸುತ್ತು ಮಾತ್ರ. ಕೌದಿ ಹೊಲಿಯುವವರಿಗೆ ಈ ತಾಪತ್ರಯ ಇಲ್ಲ. ಅದಕ್ಕೇ ಅವರು ಮನೆಯಲ್ಲೇ ಕೂತು ದಪ್ಪಗಾಗಿದ್ದಾರೆ ಅಂತ ಹೆಣಿಗೆಯವರು ಆಡಿಕೊಳ್ಳುತ್ತಾರೆ. ಇದೆಲ್ಲ ಯಾಕೆ ಹೀಗೆ ಅಂತ ನಾನು ಒಮ್ಮೆ ಕೇಳಿದೆ. "ನಿಮ್ಮೂರಲ್ಲಿ ನೀರು ಯಾಕೆ ಕೆಳಕ್ಕೇ ಹರೀತದೆ?" ಅಂತ ನನ್ನನ್ನೇ ಕೇಳಿದರು. ಮತ್ತೆ ಆ ಸುದ್ದಿಗೆ ಹೋಗಲಿಲ್ಲ.

ಹೀಗಾಗಿ ಹೆಣೆಯುವವರೆಲ್ಲ ಅಲ್ಲಿ ಮನೆಬಂಡಿಯಲ್ಲೇ ಸಂಸಾರ ಮಾಡುತ್ತಾರೆ. ಹಳೇ ಬಸ್ಸಿನ ಸೀಟು ಕಿತ್ತು, ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಮಡಿಸುವ ಮಂಚ, ಕಿಟಕಿಗೆ ಪರದೆ, ಉಪ್ಪಿನಕಾಯಿ ಜಾಡಿಗೆ ಹಳೇ ಟ್ಯೂಬಿನ ಪಟ್ಟಿ. ಊರ ಸುತ್ತ ಬಳೆಯ ಹಾಗೆ ಒಂದೇ ರಸ್ತೆ, ಐದು ಮೈಲಿ. ಯಾರೂ ಹಿಂದಕ್ಕೆ ಹೋಗುವಂತಿಲ್ಲ ಅಂದಮೇಲೆ ಎದುರುಬದುರು ಬರುವಂತೆಯೂ ಇಲ್ಲ, ಆದ್ದರಿಂದ ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಾರೆ. ಇಳಿಯಬೇಕಾದ ಬಾಗಿಲು ಒಂದು ಮಾರು ದಾಟಿದರೂ ಇನ್ನೊಂದು ಸುತ್ತು ಬರಬೇಕು. ಅದಕ್ಕೆ ಯಾರಿಗೂ ಬೇಜಾರಿಲ್ಲ. ಕಿಟಕಿಯಿಂದ ಕೈಬೀಸಿ "ಬರ್ತೀನಿ, ಇನ್ನೊಂದ್ಸಲ ಬರ್ತೀನಿ" ಅಂತ ಕೂಗಿ ಹೋಗುತ್ತಾರೆ, ಮನೆಯವರು ಅಷ್ಟರಲ್ಲಿ ಕಾಫಿಗೆ ಇಡುತ್ತಾರೆ. ಓಡುವ ಬಂಡಿಯ ಕಿಟಕಿಗೆ ತುಂಬಿದ ಲೋಟ ಕೊಡುವುದು ಅಲ್ಲಿ ಮಕ್ಕಳಿಗೂ ಬರುತ್ತದೆ. ಜೊತೆಗೆ ನಾಲ್ಕು ಹೆಜ್ಜೆ ಓಡಿ, ಕೈ ನೀಡಿ, ಒಂದು ತೊಟ್ಟು ಚೆಲ್ಲದೆ ಕೊಡುತ್ತಾರೆ. ಇಂಥ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಊರಿಗೆ ನಾನು ಹೋದದ್ದು ಕೆಲಸ ಕಳೆದುಕೊಂಡು. ನೀಲಗಂಗಮ್ಮ ಅನ್ನುವವರ ಬಂಡಿಗೆ ಡ್ರೈವರ್ ಬೇಕಂತೆ ಅಂತ ಯಾರೋ ಹೇಳಿದರು. ಊರಿಗೆಲ್ಲ ನೀಲಕ್ಕ ಆಗಿದ್ದ ಅವಳಿಗೆ ಆಗ ಐವತ್ತೆಂಟು. ಗಂಡ ತಿಪ್ಪೇರುದ್ರಪ್ಪನೇ ಮೊದಲು ಬಂಡಿ ಓಡಿಸುತ್ತಿದ್ದ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಆರು ವರ್ಷದಲ್ಲಿ ನಾಲ್ಕು ಜನ ಡ್ರೈವರುಗಳು ಬಂದು ಹೋಗಿದ್ದರು. "ಹಿಂದಕ್ಕೆ ಮಾತ್ರ ಹೋಗಬ್ಯಾಡ ಕಣಪ್ಪ, ಬ್ಯಾರೆ ಏನು ಮಾಡಿದ್ರೂ ತಡ್ಕೊಂತೀನಿ" ಅಂತ ಅವಳು ಮೊದಲೇ ಹೇಳಿದ್ದಳು. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಇದೆಂಥ ಹುಚ್ಚರ ಸಂತೆ ಅಂದುಕೊಂಡೆ.

ಬಂಡಿ ಹೊರಟಿತು. ಅವಳು ನನ್ನ ಹಿಂದೆ ಮೋಟು ಸ್ಟೂಲಿನ ಮೇಲೆ ಕೂತು ಹೆಣೆಯುತ್ತಿದ್ದಳು. ಹೆಡ್‌ಮಾಸ್ತರ ಮಫ್ಲರ್, ಮುಕ್ಕಾಲು ಪಾಲು ಮುಗಿದಿತ್ತು. ಸ್ವಲ್ಪ ದೂರ ಹೋದ ಮೇಲೆ "ಸೀದಾ" ಅಂದಳು. ಸೀದಾ ಹೋದೆ. ಮತ್ತೆ "ಸೀದಾ" ಅಂದಳು. ಹೂಂ, ಹೋಗುತ್ತಲೇ ಇದ್ದೇನಲ್ಲ ಅಂದುಕೊಂಡೆ. ಆಮೇಲೆ ಸ್ಪಷ್ಟವಾಗಿ "ಉಲ್ಟಾ" ಅಂದಳು. ಯಾವುದೋ ಮನೆ ತಪ್ಪಿತೇನೋ, ಯಜಮಾನಿಯೇ ಹೇಳಿದ ಮೇಲೆ ನನ್ನದೇನು ಅಂತ ಬ್ರೇಕ್ ಹಾಕಿ, ರಿವರ್ಸ್ ಗೇರಿಗೆ ಹಾಕಿ, ನನ್ನ ಹದಿನಾಲ್ಕು ವರ್ಷದ ಕೈಚಳಕ ಕಾಣಲಿ ಅಂತ ಒಂದೇ ಉಸಿರಿಗೆ ಐವತ್ತು ಮಾರು ಹಿಂದಕ್ಕೆ ತೆಗೆದೆ.

ತಿರುಗಿ ನೋಡಿದರೆ ನೀಲಕ್ಕ ಕೈಯಲ್ಲಿ ಎರಡು ಬರೀ ಕಡ್ಡಿ ಹಿಡಿದುಕೊಂಡು ಕೂತಿದ್ದಳು. ಮಡಿಲ ತುಂಬ ನೂಲು.

"ಉಲ್ಟಾ ಅಂದ್ರಲ್ಲ ಅಕ್ಕಾ," ಅಂದೆ.

ಅವಳು ಮಡಿಲು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಅಂತ ಕಾದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದಳು. ಹೆಣಿಗೆಯಲ್ಲಿ ನೂಲು ಹಿಂದೆ ಇದ್ದರೆ ಒಂದು ಹೆಸರು, ಮುಂದೆ ಬಂದರೆ ಒಂದು ಹೆಸರು, ಸೀದಾ ಮತ್ತು ಉಲ್ಟಾ. ಎರಡು ಸೀದಾ, ಒಂದು ಉಲ್ಟಾ ಅಂತ ಅವಳು ತನ್ನ ಪಾಡಿಗೆ ತಾನು ಎಣಿಸಿಕೊಳ್ಳುತ್ತಿದ್ದಳು. ಸುದ್ದಿ ನಮಗಿಂತ ಮುಂಚೆ ಊರು ಸುತ್ತಿತು. ಆ ದಿನ ಪ್ರತಿ ಬಾಗಿಲಲ್ಲೂ ಜನ ನಿಂತು "ಸೀದಾ ಕಣಪ್ಪ, ಸೀದಾ" ಅಂತ ನನಗೆ ದಾರಿ ಹೇಳಿದರು. ಹೆಡ್‌ಮಾಸ್ತರು ಮಾತ್ರ ಮೂರು ವಾರ ಕತ್ತಿಗೆ ಟವೆಲ್ ಸುತ್ತಿಕೊಂಡು ಓಡಾಡಿದರು.

ಸಂಜೆ ನೀಲಕ್ಕ ಬುಟ್ಟಿಯಿಂದ ಒಂದು ಕೆಂಪು ನೂಲು ತೆಗೆದು, ಗೇರ್ ರಾಡು ರಿವರ್ಸಿನ ಕಡೆ ಹೋಗದ ಹಾಗೆ ಪಕ್ಕದ ಕಂಬಿಗೆ ಬಿಗಿಯಾಗಿ ಕಟ್ಟಿದಳು. ಮುಂದಿನ ಗೇರುಗಳಿಗೆ ಬೇಕಾದಷ್ಟು ಸಡಿಲ, ಹಿಂದಿನದಕ್ಕೆ ಮಾತ್ರ ಅಡ್ಡ. "ಬ್ಯಾರೆ ಬಂಡಿಯೋರು ಆ ಗೇರೇ ಕಿತ್ತು ಹಾಕ್ಸಿದಾರೆ. ನಮ್ಮೋರು ಕೀಳೋಕೆ ಬಿಡ್ಲಿಲ್ಲ. ಕೊಟ್ಟ ಗೇರು ಯಾಕೆ ಕೀಳ್ಬೇಕು, ಇರ್ಲಿ ಬಿಡು ಅಂತಿದ್ರು," ಅಂದಳು.

ಮಾರನೇ ದಿನ ಇನ್ನೊಂದು ಪಾಠ. ಓಡುತ್ತಿರುವಾಗ ಹಿಂದಿನಿಂದ "ಅಯ್ಯೋ, ಮನೆ ಬಿತ್ತು" ಅಂದಳು. ನಾನು ಗಾಬರಿಯಾಗಿ ಬಂಡಿ ನಿಲ್ಲಿಸಿ ಇಳಿದು ಓಡಿದೆ, ಯಾರದು ಬಿತ್ತು, ಒಳಗೆ ಯಾರಿದ್ದರು ಅಂತ. ಅಲ್ಲಿ ಹೆಣಿಗೆಯ ಒಂದೊಂದು ಕುಣಿಕೆಗೂ ಮನೆ ಅನ್ನುತ್ತಾರೆ. ಶುರು ಮಾಡುವುದು ಮನೆ ಕಟ್ಟುವುದು, ಮುಗಿಸುವುದು ಮನೆ ಮುಚ್ಚುವುದು, ಕಡ್ಡಿಯಿಂದ ಜಾರಿದರೆ ಮನೆ ಬಿದ್ದಂತೆ. ಮುಚ್ಚಿದ ಮನೆಯನ್ನು ಯಾವ ಬಂಡಿಯೂ ಬಿಚ್ಚಲಾರದು. ಕಡ್ಡಿಯ ಮೇಲಿರುವವರೆಗೆ ಮಾತ್ರ ಅದಕ್ಕೆ ಅಪಾಯ. ನಾನು ಬೆವರು ಒರೆಸಿಕೊಂಡು ವಾಪಸು ಬಂದಾಗ ನೀಲಕ್ಕ ಬಿದ್ದ ಮನೆಯನ್ನು ಎತ್ತಿ ಕೂರಿಸಿ ಆಗಿತ್ತು.

ನಿಧಾನವಾಗಿ ನನಗೆ ಅವಳ ಕೆಲಸ ಕಾಣತೊಡಗಿತು. ನೂಲಿನ ಉಂಡೆ ಉರುಳಬಾರದು ಅಂತ ತಾಮ್ರದ ಚೊಂಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬಂಡಿ ಕುಲುಕಿದಾಗ ಕಡ್ಡಿ ಹಾರಬಾರದು ಅಂತ ಎರಡಕ್ಕೂ ದಾರ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದಳು. ಗುಂಡಿ ಬರುವ ಮುಂಚೆ ಅವಳ ಕೈ ತಾನಾಗಿ ಒಂದು ಚಣ ತಡೆಯುತ್ತಿತ್ತು, ದಾಟಿದ ಮೇಲೆ ಮತ್ತೆ ಓಡುತ್ತಿತ್ತು. ರಸ್ತೆಯನ್ನು ನಾನು ಕಣ್ಣಿನಲ್ಲಿ ನೋಡಿದರೆ ಅವಳು ಸೊಂಟದಲ್ಲಿ ನೋಡುತ್ತಿದ್ದಳು. ಹೆಣಿಗೆಯ ಕಡೆ ಮಾತ್ರ ನೋಡುತ್ತಲೇ ಇರಲಿಲ್ಲ. ಕಿಟಕಿಯಾಚೆ ಕಣ್ಣಿಟ್ಟು, ಬಾಗಿಲಲ್ಲಿ ನಿಂತವರನ್ನೆಲ್ಲ ಮಾತಾಡಿಸುತ್ತ, ನಡುವೆ ಸಾರಿಗೆ ಉಪ್ಪು ಆಯಿತೇ ಅಂತ ನನ್ನನ್ನು ಕೇಳುತ್ತ ಹೆಣೆಯುತ್ತಿದ್ದಳು. ಒಂದು ದಿನ ಹೇಳಿಯೇಬಿಟ್ಟೆ, "ಅಕ್ಕಾ, ನಾನು ಡ್ರೈವರ್ ಅಂತ ಎದೆ ಉಬ್ಬಿಸ್ಕೊಂಡು ಬಂದೆ. ಈ ಬಂಡಿ ಓಡಿಸ್ತಿರೋದು ನೀವು." ಅವಳು "ಸುಮ್ನೆ ರಸ್ತೆ ನೋಡು" ಅಂದಳು. ಅಂದರೆ ಅವಳಿಗೆ ಖುಷಿಯಾಗಿತ್ತು.

ಅವಳ ಮಂಚದ ಕೆಳಗೆ ಒಂದು ಟ್ರಂಕು ಇತ್ತು. ಚಳಿಗಾಲಕ್ಕೆ ಮುಂಚೆ ಒಮ್ಮೆ ಅದನ್ನು ತೆಗೆದು ಬಿಸಿಲಿಗೆ ಹಿಡಿದಾಗ ನಾನು ನೋಡಿದೆ. ಒಳಗೆ ಗಂಡಸಿನ ಸ್ವೆಟರಿನ ಮುಂಭಾಗ, ಹಾಲು ಬಣ್ಣದ್ದು, ಇನ್ನೂ ಕಡ್ಡಿಯ ಮೇಲೇ ಇತ್ತು. ಹಿಂಭಾಗ ಇರಲಿಲ್ಲ, ತೋಳು ಇರಲಿಲ್ಲ. ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಹೇಳಿದ್ದು ಮೂರನೇ ಮೈಲಿಗಲ್ಲಿನ ಕೆಳಗೆ ಪಂಕ್ಚರ್ ಅಂಗಡಿ ಇಟ್ಟಿದ್ದ ದಾದಾಪೀರ್.

"ಅದು ನೀಲಕ್ಕನ ಗಂಡ ರುದ್ರಣ್ಣಂದು," ಅಂದ. "ಆವತ್ತು ನಮ್ಮಂಗಡಿ ಮುಂದೇನೇ ಅವ್ರ ಬಂಡೀಲಿ ಡೀಸೆಲ್ ಮುಗೀತು. ನಾನೇ ಎತ್ತು ತಂದು ಕಟ್ಟಿದೆ, ಏರು ಹತ್ತಿಸಿ ಮೈಲಿಗಲ್ಲಿನತನಕ ಎಳೆಸಿದ್ವಿ. ಅಲ್ಲಿಗೆ ಡೀಸೆಲ್ ತರ್ಸಿದ್ವಿ. ಎತ್ತು ಎಳೀತಿರೋವಾಗ ಡ್ರೈವರಿಗೆ ಏನು ಕೆಲ್ಸ? ರುದ್ರಣ್ಣ ಹಿಂದೆ ಬಂದು ಕೂತು, ನಂಗೂ ಕಲಿಸು ಅಂತ ನೀಲಕ್ಕನ ಕೈಯಿಂದ ಕಡ್ಡಿ ಇಸ್ಕೊಂಡ. ಇಲ್ಲಿಂದ ಅಲ್ಲೀತನಕ ಅರವತ್ನಾಲ್ಕು ಮನೆ ಕಟ್ಟಿದ, ತನ್ನ ಸ್ವೆಟರಿಗೆ ತಾನೇ. ಒಂದು ಬಿಗಿ, ಒಂದು ಸಡಿಲ, ನೋಡಿ ನಗದೋರೇ ಇಲ್ಲ. ಉಳಿದದ್ದು ನೀಲಕ್ಕ ಹೆಣೀತಾ ಹೋದ್ಲು. ಮುಂಭಾಗ ಮುಗಿಯೋ ಹೊತ್ತಿಗೆ ಹಿಟ್ಟಿನ ಗಿರಣಿ ಹತ್ರ ಬಂಡಿ ನಿಲ್ಸಿ, ಯಾಕೋ ಚಳಿ ಆಗ್ತೈತೆ ಅಂದ. ಅಷ್ಟೇ."

ಅದನ್ನು ಹೇಳುವಾಗ ದಾದಾಪೀರನ ಹೆಂಡತಿ ಶಮೀಮ್ ಏಳು ತಿಂಗಳ ಬಸುರಿ. ಅವಳ ಮಗುವಿಗೆ ಅಂತ ನೀಲಕ್ಕ ಒಂದು ಅಂಗಿ, ಟೋಪಿ ಹೆಣೆದು ಮನೆ ಮುಚ್ಚಿ ಇಟ್ಟಿದ್ದಳು. ಅದರೊಂದಿಗೆ ಆ ವರ್ಷದ ಮರಿ ಉಣ್ಣೆ ಮುಗಿದಿತ್ತು. ಮರಿ ಉಣ್ಣೆ ಅಂದರೆ ಕುರಿಮರಿಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ, ಹಸುಗೂಸಿನ ಮೈಗೆ ಚುಚ್ಚದೆ ಇರುವುದು ಅದೊಂದೇ. ಕುರಿಯವರು ಮತ್ತೆ ಬರುವುದು ಮೂಡುಗಾಳಿ ಮುಗಿದ ಮೇಲೆ. ಮೈ ಕೊರೆಯುವ ಆ ಮೂಡುಗಾಳಿ ಪ್ರತಿವರ್ಷ ಒಂದೇ ಸಮಯಕ್ಕೆ ಗುಡ್ಡದಿಂದ ಇಳಿಯುತ್ತದೆ, ಇಳಿದರೆ ಹದಿನೈದು ದಿನ ಹೋಗುವುದಿಲ್ಲ.

ಗಾಳಿಗೆ ಮೂರು ದಿನ ಇದೆ ಅನ್ನುವಾಗ ಶಮೀಮಳಿಗೆ ನೋವು ಬಂತು. ಸೂಲಗಿತ್ತಿ ಕೆಂಚಮ್ಮ ಹೊರಗೆ ಬಂದು ಹೆಣ್ಣು ಅಂದಳು. ದಾದಾಪೀರ್ ಸಕ್ಕರೆ ಹಂಚಲು ಶುರು ಮಾಡಿದ. ಅವನು ನಾಲ್ಕು ಜನಕ್ಕೆ ಕೊಡುವುದರೊಳಗೆ ಕೆಂಚಮ್ಮ ಮತ್ತೆ ಹೊರಗೆ ಬಂದು "ಇನ್ನೊಂದು ಐತೆ" ಅಂದಳು. ಮೊದಲನೆಯದು ಸಣ್ಣದಾದರೂ ಅಳುವ ಮಗು. ಎರಡನೆಯದು ಅದರ ಅರ್ಧ ಇತ್ತು, ಅಳುತ್ತಲೂ ಇರಲಿಲ್ಲ. ಡಾಕ್ಟರು ಬಂದು ನೋಡಿ, ಇದನ್ನು ಎದೆಗೆ ಅವಚಿಕೊಂಡೇ ಇರಬೇಕು, ತಲೆಗೆ ಮೈಗೆ ಹಗುರವಾದದ್ದು, ಬೆಚ್ಚಗಿರುವುದು ಹಾಕಿರಬೇಕು, ಗಾಳಿ ಬಂದ ಮೇಲೆ ಒಂದು ನಿಮಿಷವೂ ಬರಿಮೈ ಇರಬಾರದು ಅಂದರು. ಶಮೀಮ್ ಎದೆಯ ಮೇಲೆ ಒಂದು, ದಾದಾಪೀರನ ಎದೆಯ ಮೇಲೆ ಒಂದು. ಎದೆಯಿಂದ ತೆಗೆದ ಕೂಡಲೇ ಚಿಕ್ಕದರ ಕಾಲು ತಣ್ಣಗಾಗುತ್ತಿತ್ತು.

ನೀಲಕ್ಕನ ಅಂಗಿ ದೊಡ್ಡದಕ್ಕೆ ಹೇಗೋ ಆಯಿತು. ಚಿಕ್ಕದಕ್ಕೆ ಊರೆಲ್ಲ ತಂತಮ್ಮ ಮಕ್ಕಳ ಹಳೇ ಅಂಗಿ ತಂದು ಸುರಿದರು. ಅವೆಲ್ಲ ತೊಳೆದು ತೊಳೆದು ಗಡುಸಾಗಿದ್ದವು, ಹಾಕಿದರೆ ಒಳಗೆ ಮಗುವನ್ನು ಹುಡುಕಬೇಕಾಗಿತ್ತು, ಕತ್ತಿನಿಂದ ಕಾಲಿನವರೆಗೆ ಗಾಳಿ ಆಡುತ್ತಿತ್ತು. ಕೌದಿ ಹೊದಿಸಿದರೆ ಅದರ ಭಾರಕ್ಕೆ ಉಸಿರು ಕಟ್ಟುತ್ತಿತ್ತು. ಕರಿ ಉಣ್ಣೆ ಬೇಕಾದಷ್ಟು ಇತ್ತು, ಅದು ಆ ಚರ್ಮವನ್ನು ತರಚುತ್ತದೆ ಅಂತ ಕೆಂಚಮ್ಮ ಮುಟ್ಟಲೂ ಬಿಡಲಿಲ್ಲ.

ಟ್ರಂಕಿನಲ್ಲಿದ್ದ ಸ್ವೆಟರು ಮರಿ ಉಣ್ಣೆಯದು ಅಂತ ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಯಾರೂ ಅದರ ಹೆಸರೆತ್ತಲಿಲ್ಲ. ದಾದಾಪೀರ್ ಅಂತೂ ನೀಲಕ್ಕನ ಮುಖ ನೋಡುವುದನ್ನೇ ಬಿಟ್ಟ, ನೋಡಿದರೆ ಕೇಳಿದ ಹಾಗಾಗುತ್ತದೆ ಅಂತ. ಆ ಊರಿನವರ ಗುಣ ಅದು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಕೇಳಿಬಿಡಬೇಕು ಅಂತ ಬೆಳಿಗ್ಗೆಯಿಂದ ಎರಡು ಸಲ ಬಾಯಿ ತೆರೆದು ಮುಚ್ಚಿದ್ದೆ.

ಮೂರನೇ ಸಲ ಅವಳೇ ಮಾತು ತೆಗೆದಳು. ಸ್ಟೂಲಿನಿಂದ ಎದ್ದು ಬಂದು, ಗೇರ್ ರಾಡಿನ ಕೆಂಪು ನೂಲನ್ನು ಮುಟ್ಟಿ ನೋಡಿ, "ಇದು ಇನ್ನೂ ಕೆಲ್ಸ ಮಾಡ್ತದಾ?" ಅಂದಳು.

"ಯಾವುದು?"

"ಹಿಂದಿನ ಗೇರು."

ನನಗೆ ಅರ್ಥವಾಯಿತು. "ಮಾಡ್ತದೆ ಅಕ್ಕಾ," ಅಂದೆ.

"ಹೆಣೆದ ರಸ್ತೇಲೇ ಹಿಂದಕ್ಕೆ ಹೋಗ್ಬೇಕು, ಇಲ್ಲಾಂದ್ರೆ ಸಿಕ್ಕಾಗ್ತದೆ. ಎಷ್ಟು ಸುತ್ತು ಹೆಣೆದಿದ್ರೂ ಬಿಚ್ಚೋಕೆ ಒಂದೇ ಸುತ್ತು. ಕಟ್ಟಿದ ಜಾಗಕ್ಕೇ ಬಂದು ಕೊನೇ ಮನೆ ಬಿಚ್ಕಂತದೆ. ಹೆಡ್‌ಮಾಸ್ತರ ಮಫ್ಲರು ಶುರು ಮಾಡಿದ್ದೇ ಅಲ್ಲಿ, ಅದ್ಕೇ ಐವತ್ತು ಮಾರಿಗೇ ಪೂರ್ತಿ ಹೋಯ್ತು. ಗಿರಣಿಯಿಂದ ಮೈಲಿಗಲ್ಲಿಗೆ ನಾಲ್ಕು ಮೈಲಿ. ಆಗ್ತದಾ ನಿನ್ ಕೈಲಿ?"

"ಆಗ್ತದೆ."

"ಮೈಲಿಗಲ್ಲು ದಾಟಬಾರದು," ಅಂದಳು. ಕೆಂಪು ನೂಲನ್ನು ಇನ್ನೊಮ್ಮೆ ಸವರಿ, "ಅವರು ಕಟ್ಟಿದ ಸಾಲು ಉಳೀಬೇಕು. ಅದೊಂದು ಉಳಿಸ್ಕೊಡು," ಅಂದಳು. ಅವಳು ನನ್ನ ಹತ್ತಿರ ತನಗಾಗಿ ಏನನ್ನಾದರೂ ಬೇಡಿದ್ದು ಅದೇ ಮೊದಲು.

ಮಾರನೇ ಬೆಳಿಗ್ಗೆ ಏಳು ಗಂಟೆಗೆ ಊರಿನಲ್ಲಿ ತಮಟೆ ಹೊಡೆಸಿದರು. ನೀಲಕ್ಕನ ಬಂಡಿ ಹಿಂದಕ್ಕೆ ಬರುತ್ತದೆ, ಎಲ್ಲ ಬಂಡಿಗಳೂ ಪಕ್ಕಕ್ಕೆ ನಿಲ್ಲಬೇಕು, ಕೋಳಿ ಕುರಿ ಒಳಗೆ ಕಟ್ಟಿಕೊಳ್ಳಬೇಕು ಅಂತ. ಹಾಗೆ ಸಾರಿದ್ದು ಅಲ್ಲಿನ ಯಾರ ನೆನಪಿನಲ್ಲೂ ಇರಲಿಲ್ಲ. ಗಿರಣಿಯ ಮುಂದೆ ಬಂಡಿ ನಿಲ್ಲಿಸಿಕೊಂಡು ಕಾದೆ. ನೀಲಕ್ಕ ಸ್ನಾನ ಮಾಡಿ, ಗಟ್ಟಿ ಜಡೆ ಹಾಕಿಕೊಂಡು ಬಂದಳು. ಟ್ರಂಕು ತೆಗೆದು ಹೆಣಿಗೆಯನ್ನು ಮಡಿಲಲ್ಲಿ ಹರವಿಕೊಂಡಳು. ಆಮೇಲೆ ಕೆಂಪು ನೂಲಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ನೂಲನ್ನು ನನ್ನ ಜೇಬಿಗೆ ಹಾಕಿ ಸ್ಟೂಲಿನ ಮೇಲೆ ಕೂತಳು.

"ಉಲ್ಟಾ," ಅಂದಳು.

ನಾನು ತಿರುಗದೆ ಕೇಳಿದೆ, "ಹೆಣಿಗೆ ಉಲ್ಟಾನೋ, ಬಂಡಿ ಉಲ್ಟಾನೋ?"

"ಬಂಡಿ ಉಲ್ಟಾ ಕಣೋ," ಅಂದಳು. ದನಿಯಲ್ಲಿ ನಗು ಇತ್ತು. ನನಗೆ ಬೇಕಾಗಿದ್ದೂ ಅದೇ.

ನಾಲ್ಕು ಮೈಲಿ ಹಿಂದಕ್ಕೆ ಹೋಗುವುದು ಅಂದರೆ ಕತ್ತು ಮುರಿದುಕೊಳ್ಳುವ ಕೆಲಸ. ಆ ಮೈಲಿಗಲ್ಲಿನ ಕಡೆಯ ರಸ್ತೆಯಂತೂ ಪೂರ್ತಿ ಇಳಿಜಾರು, ನಮ್ಮ ಬಂಡಿಯ ಬ್ರೇಕು ಹೇಳಿಕೊಳ್ಳುವಂಥದ್ದಲ್ಲ. ಬಾಗಿಲು ತೆರೆದುಕೊಂಡು, ಅರ್ಧ ಮೈ ಹೊರಗೆ ಹಾಕಿ, ನಡೆಯುವ ವೇಗದಲ್ಲಿ ಬಿಟ್ಟೆ. ರಸ್ತೆಯ ಎರಡೂ ಕಡೆ ಜನ ನಿಂತಿದ್ದರು. ಯಾರೂ ಮಾತಾಡಲಿಲ್ಲ, ಯಾರೂ ಲೋಟ ನೀಡಲಿಲ್ಲ. ಹೆಡ್‌ಮಾಸ್ತರು ಹೊಸ ಮಫ್ಲರಿನಲ್ಲಿ ಗೇಟಿನ ಹತ್ತಿರ ನಿಂತು, ನಾನು ಹೋಗುವಾಗ ಒಮ್ಮೆ ತಲೆಬಾಗಿಸಿದರು.

ಕನ್ನಡಿಯಲ್ಲಿ ನೀಲಕ್ಕ ಕಾಣುತ್ತಿದ್ದಳು. ಹಾಲು ಕರೆದ ಹಾಗೆ ನೂಲು ಮಡಿಲಿಗೆ ಇಳಿಯುತ್ತಿತ್ತು. ಅವಳು ಅದನ್ನು ಸುತ್ತಿ ಸುತ್ತಿ ಉಂಡೆ ಮಾಡುತ್ತಿದ್ದಳು. ಮೊದಲ ಮೈಲಿ ದಾಟಿದ ಮೇಲೆ ತಾನಾಗಿ ಮಾತಾಡಿದಳು.

"ಇದು ಕಂಕುಳು. ಇಲ್ಲಿ ಜಗಳ ಆಡಿದ್ವಿ."

"ಯಾಕೆ ಅಕ್ಕಾ?"

"ನೆನಪಿಲ್ಲ. ಹೆಣಿಗೆ ಬಿಗಿ ಐತೆ, ಅದ್ಕೆ ಗೊತ್ತಾಯ್ತು." ಕೆರೆಯ ಹತ್ತಿರ ಬಂದಾಗ, "ಇಲ್ಲಿ ನೋಡು ಎಷ್ಟು ಸಡಿಲ. ಏನೋ ಹೇಳಿ ನಗಿಸಿರ್ಬೇಕು," ಅಂದಳು. ಇನ್ನೊಂದು ಕಡೆ, "ಇಲ್ಲೊಂದು ಮನೆ ತಪ್ಪೈತೆ. ಇಷ್ಟು ದಿನ ನಂಗೇ ಗೊತ್ತಿರ್ಲಿಲ್ಲ," ಅಂತ ತನ್ನ ಮೇಲೆ ತಾನೇ ಸಿಟ್ಟಾದಳು. ನಾನು ಹೂಂಗುಡುತ್ತ ಹೋದೆ. ಒಬ್ಬ ಮನುಷ್ಯನ ಎದೆಯಳತೆಯ ಸಂಸಾರ ಹೀಗೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತಿದ್ದರೂ ಅವಳ ಕೈ ಒಂದು ಸಲವೂ ತಡೆಯಲಿಲ್ಲ. ಅಷ್ಟು ಧೈರ್ಯ ನನ್ನ ಜನ್ಮದಲ್ಲಿ ನನಗೆ ಬರುವುದಿಲ್ಲ.

ಕೊನೆಯ ತಿರುವು ದಾಟಿದ ಮೇಲೆ ಮೈಲಿಗಲ್ಲು ಕಂಡಿತು. ಹತ್ತಿರ ಬಂದಾಗ ಸಾಕು ಅಂತ ಹೇಳುತ್ತೇನೆ ಅಂದಿದ್ದಳು. ನಲವತ್ತು ಮಾರು ಇತ್ತು, ಮೂವತ್ತು ಆಯಿತು, ಅವಳ ದನಿ ಇಲ್ಲ. ಕನ್ನಡಿಯಲ್ಲಿ ನೋಡಿದೆ. ನೂಲು ಸುತ್ತುತ್ತಲೇ ಇದ್ದಳು, ಆದರೆ ತುಟಿ ಬಿಗಿದುಕೊಂಡು, ಕಣ್ಣಿನಿಂದ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ಅವಳ ಬಾಯಿಂದ ಆ ಮಾತು ಹೊರಡುವುದಿಲ್ಲ ಅಂತ ಗೊತ್ತಾಯಿತು. ಒಂದು ಗಾಲಿ ಸುತ್ತು ಹೆಚ್ಚಾದರೂ ಆ ಅರವತ್ನಾಲ್ಕು ಮನೆ ಬಿಚ್ಚಲು ಶುರುವಾಗುತ್ತವೆ. ಮುಂಚೆಯೇ ನಿಲ್ಲಿಸಿದರೆ ಒಂದೆರಡು ಸಾಲು ಬಿಚ್ಚದೆ ಉಳಿಯುತ್ತದೆ, ಮಗುವಿಗೆ ಅಷ್ಟು ನೂಲು ಕಡಿಮೆ. ಬ್ರೇಕು ಒತ್ತಿದೆ. ಬಂಡಿ ನಿಧಾನವಾಯಿತು, ನಿಲ್ಲಲಿಲ್ಲ.

ಮೈಲಿಗಲ್ಲಿನ ಹತ್ತಿರ ದಾದಾಪೀರ್ ನಿಂತಿದ್ದ. ಮಗುವನ್ನು ಅತ್ತೆಯ ಎದೆಗೆ ಕೊಟ್ಟು ಬಂದಿದ್ದ. ಎರಡು ಕೈಯಲ್ಲೂ ಎರಡು ಕಲ್ಲು, ಟೈರ್ ಬಿಚ್ಚುವಾಗ ಗಾಲಿಗೆ ಕೊಡುವಂಥವು. ನಾನು ಅವನ ಕಡೆ ನೋಡಿದೆ, ಅವನು ನನ್ನ ಕಡೆ ನೋಡದೆ ಗಾಲಿ ನೋಡುತ್ತಿದ್ದ. ಹಿಂದಿನ ಗಾಲಿ ಕಲ್ಲಿನ ನೇರಕ್ಕೆ ಬರುತ್ತಿದ್ದ ಹಾಗೇ ಬಗ್ಗಿ ಒಂದು ಕಲ್ಲು ಇಟ್ಟ, ನಾನು ಹ್ಯಾಂಡ್ ಬ್ರೇಕ್ ಎಳೆದೆ. ಬಂಡಿ ಒಮ್ಮೆ ನಡುಗಿ ನಿಂತಿತು. ಅವನು ಎರಡನೇ ಕಲ್ಲನ್ನೂ ಇಟ್ಟು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ನಾನು ತಿರುಗಿ ನೋಡುವುದಕ್ಕೆ ಹೆದರಿ ಸ್ಟೇರಿಂಗ್ ಹಿಡಿದುಕೊಂಡೇ ಕೂತೆ. ಹಿಂದೆ ನೀಲಕ್ಕ ಎಣಿಸುವುದು ಕೇಳಿಸಿತು. ಬೆರಳಲ್ಲಿ ಒಂದೊಂದೇ ಮುಟ್ಟಿ, ಎಲ್ಲೂ ಅವಸರ ಮಾಡದೆ ಎಣಿಸಿದಳು. "ಅರವತ್ತೆರಡು. ಅರವತ್ಮೂರು," ಅಂದಳು. "ಅರವತ್ನಾಲ್ಕು. ಎಲ್ಲಾ ಐತೆ."

ಆಮೇಲೆ ಮೂಗು ಒರೆಸಿಕೊಂಡು, "ಏನು ಕೂತಿದೀಯಾ, ನಡಿ," ಅಂದಳು. "ಸೀದಾ."

ಆ ದಿನ ಮುಂದಕ್ಕೆ ಎಷ್ಟು ಸುತ್ತು ಹೊಡೆದೆನೋ ಲೆಕ್ಕ ಇಡಲಿಲ್ಲ. ಊರು ಮತ್ತೆ ಬಾಯಿ ಬಿಟ್ಟಿತು. ಓಡುವ ಕಿಟಕಿಗೆ ಚಿತ್ರಾನ್ನ ಬಂತು, ಮಜ್ಜಿಗೆ ಬಂತು, ಒಬ್ಬಳು ಓಡುತ್ತ ಬಂದು ನನ್ನ ಬಾಯಿಗೇ ಬಾಳೆಹಣ್ಣು ತುರುಕಿದಳು. ಮುಂದಿನ ಬಂಡಿಗಳು ನಮಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದವು. ಗುಂಡಿಗಳಿಗೆಲ್ಲ ಗಂಡಸರು ಮಣ್ಣು ತುಂಬಿದ್ದರು, ನೀಲಕ್ಕನ ಕೈ ಒಂದು ಚಣವೂ ತಡೆಯಬೇಕಾಗಲಿಲ್ಲ. ಅವಳು ಅದೇ ಅರವತ್ನಾಲ್ಕು ಮನೆಯ ಮೇಲೇ ಹೆಣೆಯುತ್ತ ಹೋದಳು. ದೊಡ್ಡ ಗಂಡಸಿಗೆ ಬರೀ ಮುಂಭಾಗಕ್ಕೆ ಆಗುತ್ತಿದ್ದ ಸಾಲು ಆ ಮಗುವಿಗೆ ಮೈ ಸುತ್ತಲೂ ಬಂತು. ಎರಡು ಸೀದಾ, ಒಂದು ಉಲ್ಟಾ ಅಂತ ಅವಳು ಎಣಿಸುತ್ತಿದ್ದರೆ ನಾನು ಸೀದಾ ಮಾತ್ರ ಕೇಳಿಸಿಕೊಂಡು ಓಡಿಸಿದೆ. ಸಂಜೆಗೆ ಅಂಗಿ ಮುಗಿಯಿತು, ಟೋಪಿ ಮುಗಿಯಿತು, ಕಾಲಿಗೆ ಎರಡು ಚೀಲವೂ ಆದವು.

ಗಾಳಿ ಇಳಿಯುವ ದಿನ ಬೆಳಿಗ್ಗೆಯೇ ದಾದಾಪೀರನ ಮನೆಗೆ ಹೋದೆವು. ಕೆಂಚಮ್ಮ ಮಗುವನ್ನು ಎದೆಯಿಂದ ತೆಗೆದುಕೊಟ್ಟಳು, ನೀಲಕ್ಕ ತನ್ನ ಕೈಯಿಂದಲೇ ಅಂಗಿ ತೊಡಿಸಿದಳು. ಮಗು ಮುಖ ಕಿವುಚಿ, ಕೈ ಎತ್ತಿ, ಹುಟ್ಟಿದಾಗಿನಿಂದ ಮೊದಲ ಸಲ ಜೋರಾಗಿ ಅತ್ತಿತು. ಆ ಅಳು ಕೇಳಿ ದಾದಾಪೀರ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ಶಮೀಮ್ ಮಗುವಿನ ಕಾಲು ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಆಮೇಲೆ ಅಂಗಿಯ ಕೆಳಗಿನ ಅಂಚನ್ನು ಬೆರಳಲ್ಲಿ ಸವರಿದಳು. ಆ ಅಂಚು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಸೊಟ್ಟಸೊಟ್ಟಗೆ ಇತ್ತು. ಅವಳಿಗೆ ಎತ್ತು ಕಟ್ಟಿ ಎಳೆಸಿದ ದಿನದ ಕಥೆ ಗೊತ್ತಿರಲಿಲ್ಲ.

"ಅಕ್ಕಾ, ಇಲ್ಲಿ ಯಾಕೆ ಹಿಂಗೆ?" ಅಂತ ಕೇಳಿದಳು. "ನಿಮ್ಮ ಕೈ ಹಿಂಗಲ್ಲವಲ್ಲ."

"ಅದು ನಂದಲ್ಲ ಕಣಮ್ಮ," ಅಂದಳು ನೀಲಕ್ಕ. "ಅದು ನಮ್ಮೋರು ಕಟ್ಟಿದ ಮನೆ. ಇಷ್ಟು ವರ್ಷ ಖಾಲಿ ಬಿದ್ದಿತ್ತು."